ಬೋಣಿ ಕೆಡಿಸಲು ಬಂದವಳು

ಅನಂತರಾಜುವಿಗೆ ಅನುಮಾನ ಎನ್ನುವುದು ಹುಟ್ಟುಗುಣ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎಂದರ್ಥ. ನಗದಿದ್ದರೆ ಜಾಸ್ತಿಯೇ ಬೆರೆಸಿದ್ದಾನೆ ಎಂದರ್ಥ. ಮಾಗಡಿಯ ಪೇಟೆಬೀದಿಯಲ್ಲಿ ಅಪ್ಪನ ಕಾಲದ ಜವಳಿ ಅಂಗಡಿಯನ್ನು ಇಷ್ಟು ವರ್ಷ ಉಳಿಸಿಕೊಂಡದ್ದು ಈ ಗುಣದಿಂದಲೇ ಎಂದು ಅವನು ಹೇಳಿಕೊಳ್ಳುತ್ತಿದ್ದ. ಆದರೂ ಅಂಗಡಿಗೆ ಕಾಲಿಟ್ಟವರನ್ನು ನಿಲ್ಲಿಸಿ ಮಾತಾಡಿಸಿದವನಲ್ಲ. ಬಿಳಿ ಹಾಸಿನ ಮೇಲೆ ಕೂರಿಸಿ, ನೀರು ಕೊಟ್ಟು, ಆಮೇಲೆ ಸೀರೆ ಬಿಚ್ಚುವುದು ಅಪ್ಪನಿಂದ ಬಂದ ಪದ್ಧತಿ.

2007ರಲ್ಲಿ ಎದುರಿಗೆ, ಹಳೇ ಟಾಕೀಸು ಕೆಡವಿದ ಜಾಗದಲ್ಲಿ, ಮೂರು ಅಂತಸ್ತಿನ ಬಟ್ಟೆ ಶೋರೂಮು ಎದ್ದಿತು. ಗಾಜಿನ ಬಾಗಿಲು, ಏಸಿ, ಒಂದೇ ದರ. ಫ್ಯಾಕ್ಟರಿ ಸಂಬಳ ಕಂಡ ಹುಡುಗ ಹುಡುಗಿಯರೆಲ್ಲ ಅತ್ತ ಹೊರಳಿದರು. ಅನಂತರಾಜುವಿಗೆ ಉಳಿದದ್ದು ಹಳ್ಳಿಯ ಹಳೇ ಗಿರಾಕಿಗಳು, ಮತ್ತೆ ಬೋಣಿ. ಬೆಳಗಿನ ಮೊದಲ ಗಿರಾಕಿ ಬರಿಗೈಲಿ ಎದ್ದುಹೋದರೆ ಆ ದಿನದ ವ್ಯಾಪಾರ ಕೆಟ್ಟಂತೆ. ಹೀಗೇ ಕೆಡುತ್ತ ಹೋದರೆ ಅಂಗಡಿಗೆ ಬೀಗವೇ ಗತಿ. ಅವನಿಗೆ ಅನುಮಾನವಿಲ್ಲದ ಸಂಗತಿ ಅದೊಂದೇ.

ಕಾರ್ತೀಕದಲ್ಲಿ ಒಬ್ಬಳು ಬರತೊಡಗಿದಳು. ಷಟರ್ ಎತ್ತುವುದೇ ತಡ, ಸ್ವೆಟರ್ ತೊಟ್ಟು ಒಳಗೆ ಬಂದು ಕೂರುವಳು. ಎರಡು ಸೀರೆ ಬಿಚ್ಚಿಸಿ, ಸೆರಗು ಸವರಿ, ಗಡಿಯಾರ ನೋಡಿ, ನಾಳೆ ಬತ್ತೀನಿ ಎಂದು ಎದ್ದುಬಿಡುವಳು. ಮೊದಲ ದಿನ ಅವನು ಹಲ್ಲು ಕಚ್ಚಿದ. ಮರುದಿನ ಅಗ್ಗದ ದರ ಹೇಳಿದರೂ ಆಕೆ ಕೊಳ್ಳಲಿಲ್ಲ. ವಾರ ಕಳೆಯುವಷ್ಟರಲ್ಲಿ ಒಂದು ಕರವಸ್ತ್ರವೂ ಬಿಕರಿಯಾಗದ ದಿನ ಬಂತು. ಅಂಗಡಿ ಜಗಲಿಯ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ಗಫಾರ್‌ನ ಹತ್ತಿರ, ಇದು ಯಾರೋ ಕಳಿಸಿದ ಶನಿ ಎಂದ. ಪಾಪ ಬಡವಿ ಇರಬೇಕು ಎಂದು ಗಫಾರ್ ಅಂದರೆ, ಅವನ ಮೇಲೂ ಅನುಮಾನ ಬಂತು.

ಒಂದು ಬೆಳಿಗ್ಗೆ ಆಕೆ ಎದ್ದುಹೋದ ಮೇಲೆ ಅನಂತರಾಜು ಹಿಂದೆಯೇ ಹೋಗಿ ಬೀದಿಯಲ್ಲಿ ನಿಂತು ನೋಡಿದ. ಆಕೆ ಸ್ವೆಟರ್ ಕಳಚಿದಳು. ಒಳಗೆ, ಸೆರಗಿನ ಮೇಲೆ, ಶೋರೂಮಿನ ಬ್ಯಾಡ್ಜು! ಇನ್ನೇನು ಬೇಕು? ನಡುಬೀದಿಯಲ್ಲೇ ಅಡ್ಡಗಟ್ಟಿ, ನನ್ನ ಬೋಣಿ ಕೆಡಿಸೋಕೆ ಎಷ್ಟು ಕೊಡ್ತಾರೆ ಎಂದು ಊರಿಗೆಲ್ಲ ಕೇಳುವಂತೆ ಕೂಗಾಡಿದ. ಗಾಜಿನ ಬಾಗಿಲ ಹಿಂದೆ ನಾಲ್ಕು ಮುಖಗಳು ಕಾಣಿಸಿದವು.

ಆಕೆ ಅಳಲಿಲ್ಲ. ಹೆಸರು ಲತಾಮಣಿ, ಊರು ಕುದೂರು ಎಂದಳು. ಬಸ್ಸು ಬೇಗ ಬಂದುಬಿಡುತ್ತದೆ, ಶೋರೂಮು ತಡವಾಗಿ ತೆಗೆಯುತ್ತಾರೆ ಎಂದಳು.

"ಗಾರ್ಮೆಂಟ್ಸ್‌ನಲ್ಲಾದ್ರೂ ಮಿಷನ್ ಮುಂದೆ ಕೂತಿರ್ತಿದ್ದೆ. ಇಲ್ಲಿ ಹೊತ್ತು ಮುಳುಗಗಂಟ ಕೂರಂಗಿಲ್ಲ ಕಣಣ್ಣ. ನೀವು ಬಾರವ್ವ ಕೂತ್ಕೋ ಅಂದ್ರಿ. ಒಸಿ ಕೂರಕ್ಕೆ ಬತ್ತಿದ್ದೆ."

ಅನಂತರಾಜು ನಕ್ಕುಬಿಟ್ಟ. ಕೂರಕ್ಕಂತೆ ಎಂದು ಅಕ್ಕಪಕ್ಕದವರಿಗೂ ಹೇಳಿ ನಗಿಸಿದ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರಲ್ಲ, ಇವನಿಗೆ ಆ ರೋಗ ಎಲುಬಿಗೇ ಇಳಿದಿತ್ತು. ನನಗಂತೂ ಅವನ ಆ ನಗು ಈಗ ನೆನೆದರೂ ಸಿಟ್ಟು ಬರುತ್ತದೆ.

ಆಕೆ ಮತ್ತೆ ಬರಲಿಲ್ಲ. ಬೋಣಿ ಸರಿಯಾಯಿತು, ವ್ಯಾಪಾರವೇನೂ ಸರಿಯಾಗಲಿಲ್ಲ. ಇದು ಇನ್ನೂ ದೊಡ್ಡ ಹೂಟವೇ ಇರಬೇಕೆಂದು, ಕಣ್ಣಾರೆ ನೋಡಿಬಿಡೋಣ ಎಂದು ಅನಂತರಾಜು ಮೊದಲ ಸಲ ಶೋರೂಮಿನ ಮೆಟ್ಟಿಲು ಹತ್ತಿದ. ಮೂರು ಅಂತಸ್ತೂ ಸುತ್ತಿದ. ಕೌಂಟರಿನ ಹಿಂದೆ ಸಾಲಾಗಿ ನಿಂತ ಹೆಣ್ಣುಮಕ್ಕಳು. ಒಬ್ಬಳು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದಳು. ಮತ್ತೊಬ್ಬಳು ಕಂಬಕ್ಕೆ ಭುಜ ಆನಿಸಿದೊಡನೆ ಸೂಪರ್‌ವೈಸರ್ ಚಿಟಿಕೆ ಹೊಡೆದ. ಎಲ್ಲಿಯೂ ಒಂದು ಸ್ಟೂಲು ಇರಲಿಲ್ಲ.

ಲತಾಮಣಿ ಎಲ್ಲಿ ಎಂದು ಮ್ಯಾನೇಜರನ್ನು ಕೇಳಿದ.

"ನಮ್ಮ ರೇಟೆಲ್ಲ ದಿನಾ ನಿಮಗೆ ಮುಟ್ಟಿಸ್ತಿದ್ಲಲ್ಲ ಸಾರ್. ನೀವು ಬೀದೀಲಿ ಜಗಳ ಆಡ್ದಾಗ್ಲೇ ಗೊತ್ತಾಗಿದ್ದು. ಅವತ್ತೇ ಕಳಿಸ್ಬುಟ್ವಿ."

ಅನಂತರಾಜು ದೇವರ ಮೇಲೆ ಆಣೆ ಇಟ್ಟ. ಆಕೆ ಬರೀ ಕೂರುವುದಕ್ಕೆ ಬರುತ್ತಿದ್ದಳು ಎಂದು ಮೂರು ಸಲ ಹೇಳಿದ. ಮ್ಯಾನೇಜರು ತಲೆ ತಗ್ಗಿಸಿ ನಗು ತಡೆದುಕೊಂಡ.

ಮರಳಿ ಬಂದವನು ಜಗಲಿಯ ಅಂಚಿನಲ್ಲಿ ಕೂತ. ಗಫಾರ್ ಏನಾಯಿತೆಂದು ಕೇಳಿದ.

"ನನ್ನ ಮಾತ್ನ ನಂಬ್ಲಿಲ್ಲ ಕಣೋ ಅವ್ನು."

ಗಫಾರ್ ಸೂಜಿಗೆ ದಾರ ಪೋಣಿಸುತ್ತ ಹೇಳಿದ: "ಅವಳ ಮಾತ್ನ ನೀವು ನಂಬಿದ್ರಾ ಅಣ್ಣಾ?"