ಕಾಲು ಟ್ಯಾಂಕ್ ಪೆಟ್ರೋಲು, ಹಾನಗಲ್ ರಸ್ತೆಯ ತಿರುವು

ಹೋದ ವಾರ ಕಾರಿನ ಪೆಟ್ರೋಲ್ ಪೈಪು ಬದಲಿಸುತ್ತಿದ್ದೆ. ಬಿಚ್ಚಿದ ಹಳೇ ರಬ್ಬರ್ ತುಂಡನ್ನು ಬಾಗಿಸಿದರೆ ಮೈತುಂಬ ಸಣ್ಣ ಸೀಳು, ಒಳಗಿಂದ ಹಳಸಿದ ಪೆಟ್ರೋಲಿನ ವಾಸನೆ. ಈಗಿನ ಎಥನಾಲ್ ಮಿಶ್ರಣದ ಪೆಟ್ರೋಲು ರಬ್ಬರ್ ತಿನ್ನುತ್ತದೆ, ಬಿರುಕು ಕಂಡ ಕೂಡಲೇ ಕಿತ್ತೊಗೆಯಬೇಕು ಎಂದು ಕಲಿಸಿದವರು ನೆನಪಾದರು. ಬಂಕಾಪುರದಲ್ಲಿ ಹೈವೇ ಬಿಟ್ಟು ಒಳಗೆ ಹೊರಳಿದರೆ ಸಿಗುತ್ತಿದ್ದ ತಗಡಿನ ಗ್ಯಾರೇಜು, ಅಲ್ಲಿಯ ಮಿಸ್ತ್ರಿ ಕಾಕಾ...

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದು ಗೆದ್ದು, ಎದುರಿಗಿದ್ದವರು ಬಾಯಿ ತೆರೆದರೆ ಸಾಕು, ಸಾಕ್ಷಿ ಕೇಳುವ ಹುಡುಗಿ. ಅಜ್ಜನ ಹಳೇ ಕಾರಿನ ಎಂಜಿನ್ ಕೈಕೊಟ್ಟಿತ್ತು. ಗುಜರಿಗೆ ಹಾಕೋಣ ಎಂದು ಮನೆಯವರೆಲ್ಲ ಒಂದಾದಾಗ ನಾನೊಬ್ಬಳೇ ವಾದಿಸಿ, ಅದಕ್ಕೆ ಹೊಸ ಕಾಲದ ಎಂಜಿನ್ ಕೂಡಿಸಲು ಒಪ್ಪಿಸಿದ್ದೆ. ಮೇಲೊಂದು ಮಾತನ್ನೂ ಕೊಟ್ಟಿದ್ದೆ: ಹಿರೇಕೆರೂರಿನಿಂದ ಅಕ್ಕನನ್ನು ಚೊಚ್ಚಲ ಹೆರಿಗೆಗೆ ಹಾನಗಲ್ಲಿನ ನಮ್ಮ ಮನೆಗೆ ಕರೆತರುವುದು ಇದೇ ಕಾರಿನಲ್ಲಿ, ನಾನೇ ಓಡಿಸಿಕೊಂಡು. ಹಿರಿಯರು ಗುರುವಾರವೆಂದು ದಿನವನ್ನೂ ಗೊತ್ತು ಮಾಡಿದರು.

ಮಂಗಳವಾರ ಗ್ಯಾರೇಜಿಗೆ ಹೋದಾಗ ಹೊಸ ಎಂಜಿನ್ ಜೋಡಣೆಯಾಗಿತ್ತು, ಪೆಟ್ರೋಲು ಎಳೆಯುವ ಕರೆಂಟಿನ ಹೊಸ ಪಂಪೂ ಕೂತಿತ್ತು. ಒಂದೇ ಏಟಿಗೆ ಚಾಲೂ ಆಯಿತು. ಆದರೆ ಕಾಕಾ ಕಾರು ಕೊಡಲೊಲ್ಲರು.

“ಇನ್ನ ಮೂರ್ನಾಕ ದಿನ ಬೇಕ್ರಿ ವಕೀಲರ,” ಎಂದರು. ನಾನು ವಕೀಲಳಲ್ಲ. ಮೊದಲ ದಿನ ನನ್ನ ಮಾತು ಕೇಳಿ ಅವರೇ ದಯಪಾಲಿಸಿದ ಪದವಿ ಅದು.

ತಕರಾರು ಟ್ಯಾಂಕಿನದು. ಹಳೇ ಎಂಜಿನ್ ಕಾರ್ಬೊರೇಟರಿನಲ್ಲಿ ಒಂದಿಷ್ಟು ಪೆಟ್ರೋಲು ಇಟ್ಟುಕೊಂಡು ನಿಧಾನ ಕುಡಿಯುತ್ತಿತ್ತು. ನಡುವೆ ಒಂದು ಗುಟುಕು ತಪ್ಪಿದರೂ ನಡೆಯುತ್ತಿತ್ತು. ಹೊಸದಕ್ಕೆ ಜೋರು ಒತ್ತಡದಲ್ಲಿ, ಬಿಡುವಿಲ್ಲದೆ ಬರಬೇಕು. ಪಂಪು ಒಂದು ಕ್ಷಣ ಗಾಳಿ ಎಳೆದರೆ ಮುಗಿಯಿತು. ಅಜ್ಜನ ಕಾರಿನ ಟ್ಯಾಂಕಿನೊಳಗೆ ಪೆಟ್ರೋಲಿನ ಓಟ ತಡೆಯುವ ಅಡ್ಡತಗಡುಗಳಿಲ್ಲ, ತಿರುವಿನಲ್ಲಿ ಪೆಟ್ರೋಲೆಲ್ಲ ಒಂದೇ ಬದಿಗೆ ಓಡುತ್ತದೆ. ಅದಕ್ಕೇ ಟ್ಯಾಂಕಿಗೂ ಪಂಪಿಗೂ ನಡುವೆ ಸದಾ ತುಂಬಿರುವ ಒಂದು ಸಣ್ಣ ಡಬ್ಬಿ ಬೇಕು, ಹೆಚ್ಚಾದದ್ದು ಟ್ಯಾಂಕಿಗೆ ಮರಳಲು ಇನ್ನೊಂದು ಪೈಪು ಬೇಕು ಎನ್ನುವುದು ಅವರ ಪಟ್ಟು.

ಟ್ಯಾಂಕು ತುಂಬಿಸಿಕೊಂಡೇ ಹೋಗುತ್ತೇನಲ್ಲ ಎಂದು ನಾನು. ಬರುವಾಗ ಎಷ್ಟು ಉಳಿದಿರುತ್ತದೆ, ಹಳೇ ಮೀಟರಿನ ಮುಳ್ಳು ಖರೆ ಹೇಳುವುದಿಲ್ಲ ಎಂದು ಅವರು. ಇದಕ್ಕೆಲ್ಲ ಸಾಕ್ಷಿ ಏನು ಎಂದು ಮತ್ತೆ ನಾನು. ಕಾಕಾ ಕೈಯ ಗ್ರೀಸು ಒರೆಸಿಕೊಂಡು ನಕ್ಕರು.

“ಮಾತಿನಾಗ ನೀವ ಗೆದ್ರಿ. ಆದ್ರ ಟ್ಯಾಂಕ್ ಎಲ್ಲಿ ಕಾಲೇಜಿಗೆ ಹೋಗೈತ್ರಿ? ಬರ್ರಿ, ಅದನ್ನ ಕೇಳೂಣು.”

ಅವರ ಪದ್ಧತಿಯೇ ಹಾಗೆ. ಗಿರಾಕಿ ಒಪ್ಪದಿದ್ದರೆ ಸ್ಟೀರಿಂಗ್ ಗಿರಾಕಿಯ ಕೈಗೆ, ತಾವು ಪಕ್ಕದ ಸೀಟಿಗೆ. ಟ್ಯಾಂಕಿನಲ್ಲಿ ಕಾಲು ಭಾಗ ಬಿಟ್ಟುಕೊಂಡು ಹೊರಟೆವು. ಹಾನಗಲ್ ರಸ್ತೆಯ ಉದ್ದನೆಯ ತಿರುವಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಡುರಸ್ತೆಯಲ್ಲೇ ನಿಂತಿತು. ಹಿಂದೆ ರಸ್ತೆ ಖಾಲಿ ಇರುವುದನ್ನು ನೋಡಿಕೊಂಡೇ ತಿರುವಿಗೆ ಇಳಿದಿದ್ದೆವು. ಎಲ್ಲಿತ್ತೋ ಏನೋ, ಗೋವಿನಜೋಳ ಹೇರಿದ ಲಾರಿಯೊಂದು ಹಾರ್ನ್ ಹೊಡೆಯುತ್ತ ಮಗ್ಗುಲಲ್ಲೇ ದಾಟಿಹೋಯಿತು.

“ಒಂದ್ ಸಲಕ್ಕ ಏನ್ ಸಾಬೀತ ಆಗತೈತಿ ಕಾಕಾ?” ಕಾರು ನಿಂತಿತ್ತು, ನನ್ನ ಬಾಯಿ ಮಾತ್ರ ನಿಂತಿರಲಿಲ್ಲ.

“ಅದೂ ಖರೇನರಿ. ಇನ್ನೊಮ್ಮೆ ಹೋಗೂಣ್ರಿ.”

ಎರಡನೇ ಸಲವೂ ಅಲ್ಲೇ ನಿಂತಿತು. ಮೂರನೆಯದಕ್ಕೂ ನಾನು ಹಟ ಹಿಡಿದೆ. ಕಾಕಾ ಇಳಿದರು, ಹಿಂದಿನ ಬಾಗಿಲು ತೆಗೆದು ಕೂತರು.

“ಅಕ್ಕಾರು ಕುಂದ್ರೂ ಜಾಗದಾಗ ನಾ ಕುಂತೇನಿ. ಈಗ ಹೊಡೀರಿ.”

ಕನ್ನಡಿಯಲ್ಲಿ ನೋಡಿದೆ. ನಗುತ್ತಿರಲಿಲ್ಲ. ಕೀಲಿಯ ಮೇಲೆ ಕೈಯಿಟ್ಟವಳು ತಿರುಗಿಸಲಾರದೆ ಕೂತೆ...

“ಡಬ್ಬಿ ಕೂಡಸ್ರಿ,” ಎಂದೆ.

ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿ ಗುರುವಾರ ಆಗುವುದಿಲ್ಲ ಎಂದೆ. ನೋಡಿದ ದಿನ ತಪ್ಪಿಸಿದರೆ ಬೀಗರಿಗೆ ಏನು ಹೇಳಲಿ ಎಂದು ಅವ್ವ ಶುರು ಮಾಡಿದಳು. ಕಾಕಾ ನನ್ನ ಕೈಯಿಂದ ಫೋನ್ ಈಸಿಕೊಂಡು, “ತಪ್ಪ ನಂದ್ರಿ ಅವ್ವಾರ, ನನ್ನ ಕೆಲಸ ಹಿಂದ ಬಿದ್ದೈತಿ” ಎಂದು ಅಷ್ಟೂ ಬೈಗುಳ ತಾವೇ ಕೇಳಿಸಿಕೊಂಡರು.

ಸೋಮವಾರ ಅಕ್ಕನನ್ನು ಕರೆತಂದೆ. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಮನೆಯಲ್ಲಿ ಮಾತ್ರ ‘ಮಾತಿಗೆ ತಪ್ಪಿದ ಮಿಸ್ತ್ರಿ’ ಎಂಬ ಹೆಸರು ಕಾಕಾನಿಗೆ ಅಂಟಿಕೊಂಡಿತು. ವರ್ಷಗಟ್ಟಲೆ ಅವ್ವ ಹಾಗೇ ಅಂದಳು, ನಾನು ಸುಮ್ಮನೆ ಕೇಳಿದೆ. ಊರಿಗೆಲ್ಲ ಸಾಕ್ಷಿ ಕೇಳುವವಳು ಅವರ ಪರವಾಗಿ ಒಂದು ಸಾಕ್ಷಿ ನುಡಿಯಲಿಲ್ಲ.

ಕಾಕಾ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನ ತಡವಾಗಿ. ಅವತ್ತು ಅವ್ವನಿಗೆ ನಡೆದದ್ದೆಲ್ಲ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಅವರು ಇದ್ದಾಗ ಹೇಳಬೇಕಿತ್ತಲ್ಲ?” ಎಂದಳು.

ಮೊನ್ನೆ ಬಂಕಾಪುರದ ತನಕ ಹೋಗಿದ್ದೆ. ಗ್ಯಾರೇಜು ಇದ್ದ ಜಾಗದಲ್ಲಿ ಈಗ ಟೈರಿನ ಅಂಗಡಿ. ಕಾರು ನಿಲ್ಲಿಸಿದ್ದು ನೋಡಿ ಒಳಗಿನಿಂದ ಒಬ್ಬರು ಬಂದು, ಏನಾಗಬೇಕ್ರಿ ಎಂದು ಕೇಳಿದರು. ಏನು ಹೇಳಬೇಕೋ ತಿಳಿಯದೆ, ಗಾಳಿ ನೋಡ್ರಿ ಎಂದೆ.

ನಾಲ್ಕೂ ಗಾಲಿಯಲ್ಲಿ ಗಾಳಿ ಸರಿಯಾಗಿಯೇ ಇತ್ತು.