ವಾಲ್ಟರ್ ಕೇಳಿದ ಶಿಕಾಗೋ ಪ್ರಯಾಣ

ತೊಂಬತ್ತು ಡಾಲರ್ ಕೊಟ್ಟೆ, ಒಂದು ಮಾತೂ ಚೌಕಾಸಿ ಮಾಡದೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಡೆಟ್ರಾಯ್ಟ್ ಪಕ್ಕದ ಲಿವೋನಿಯಾದಲ್ಲಿ ನನ್ನ ಮೆಶೀನ್ ಶಾಪ್ ನಿಂತಿರುವುದೇ ಹರಾಜಿನಲ್ಲಿ ಅರ್ಧ ಬೆಲೆಗೆ ಹಿಡಿದ ಲೇತ್‌ಗಳ ಮೇಲೆ. ಕೊಂಡದ್ದು ಹಳೇ ಸಾಮಾನಿನ ಅಂಗಡಿಯಲ್ಲಿದ್ದ ಬೇಸ್‌ಬಾಲ್ ಗ್ಲೌಸು, ಅದೂ ನನ್ನ ಕೈಗಾಗದ್ದು. ಯಾಕೆಂದರೆ ಮೂಸಿ ನೋಡಿದೆ: ಎಣ್ಣೆ, ಬೆವರು, ಹಳೇ ಚರ್ಮ. ಪಕ್ಕದ ಮನೆಯ ವಾಲ್ಟರ್ ಅವರ ಗ್ಯಾರೇಜಿನ ವಾಸನೆ.

ನಾವು ಈ ಬಡಾವಣೆಗೆ ಬಂದಾಗಲೇ ಅವರಿಗೆ ಎಪ್ಪತ್ತೈದು ದಾಟಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡು ಸೀಸನ್ ಶಿಕಾಗೋದ ಒಂದು ಬೇಸ್‌ಬಾಲ್ ತಂಡಕ್ಕೆ ಸಂಬಳಕ್ಕೆ ಆಡಿದವರು. ಫಸ್ಟ್ ಬೇಸ್ ಅವರ ಜಾಗ. ಒಂದು ಕಾಲನ್ನು ಬೇಸ್ ಎಂಬ ಚೌಕದ ಮೇಲೆ ಊರಿ, ಉಳಿದವರು ಹೇಗೇ ಎಸೆದರೂ ಚೆಂಡು ಹಿಡಿಯಬೇಕು.

“ಗ್ಲೌಸ್ ಹಾಕ್ಕೊಂಡು ಕ್ಯಾಚ್ ಹಿಡಿಯೋದೇನು ದೊಡ್ಡಸ್ತಿಕೆ? ನಮ್ಮ ಕ್ರಿಕೆಟ್ಟಲ್ಲಿ ಬರಿಗೈ!” ಎಂದು ಕೆಣಕಿದ್ದೆ.

ಅವರು ಸೊಟ್ಟ ಬೆರಳುಗಳನ್ನು ಮುಂದೆ ಚಾಚಿದರು. “ಇದು ಗ್ಲೌಸ್ ಹಾಕಿದ ಕೈ, ಕಿಡ್.” ಆಗ ನನಗೆ ನಲವತ್ತು. ಆದರೂ ಕಿಡ್.

ಆ ಜಾಗ ಅಸಲಿಗೆ ಎಡ್ಡಿ ಎನ್ನುವವನದು. ಎಡ್ಡಿ ಯುದ್ಧಕ್ಕೆ ಹೋದ. ಒಂದು ಕಿವಿ ಕೇಳದ ವಾಲ್ಟರನ್ನು ಸೈನ್ಯ ಬೇಡವೆಂದಿತು, ತಂಡ ಕರೆಯಿತು. ‘ಹೇಡಿ, ಯುದ್ಧಕ್ಕೆ ಹೋಗು’ ಎಂದು ಜನ ಕೂಗಿದರೆ ಆ ಕಿವಿಯನ್ನೇ ಅವರ ಕಡೆ ತಿರುಗಿಸಿ ನಿಲ್ಲುತ್ತಿದ್ದರಂತೆ. ಯುದ್ಧ ಮುಗಿದು ಎಡ್ಡಿ ವಾಪಸ್ ಬಂದ, ಕೈಕುಲುಕಿ ಥ್ಯಾಂಕ್ಸ್ ಹೇಳಿ ತನ್ನ ಜಾಗಕ್ಕೆ ನಿಂತ. ವಾಲ್ಟರ್ ಡಿಯರ್‌ಬಾರ್ನಿನ ಕಾರ್ಖಾನೆ ಸೇರಿದರು. ಇಪ್ಪತ್ತಮೂರನೇ ವಯಸ್ಸಿಗೆ ಆಟ ಮುಗಿದಿತ್ತು.

ಒಂದು ಮಾರ್ಚಿನಲ್ಲಿ ಬೇಲಿಯ ಹತ್ತಿರ ನಿಂತು ಕೇಳಿದರು: “ನೀನು ಶಿಕಾಗೋಗೆ ಹೋಗ್ತಿರ್ತೀಯಲ್ಲ, ನನ್ನನ್ನೂ ಕರ್ಕೊಂಡು ಹೋಗ್ತೀಯಾ? ಎಡ್ಡಿ ಅಲ್ಲೊಂದು ನರ್ಸಿಂಗ್ ಹೋಮಿನಲ್ಲಿದ್ದಾನೆ. ಐದು ನಿಮಿಷದ ಮಾತು.” ಫ್ರೀವೇಯಲ್ಲಿ ಡ್ರೈವ್ ಮಾಡುವುದನ್ನು ಅವರು ಬಿಟ್ಟಾಗಿತ್ತು.

ಖಂಡಿತ ಎಂದೆ. ಆದರೆ ಐದು ನಿಮಿಷದ ಮಾತಿಗೆ ಇನ್ನೂರೆಂಬತ್ತು ಮೈಲಿಯೇ? ಡೆಟ್ರಾಯ್ಟ್ ಕಡೆಯ ನಮ್ಮವರು ಯಾರೂ ಶಿಕಾಗೋಗೆ ಒಂದೇ ಕೆಲಸಕ್ಕೆ ಹೋಗುತ್ತಿರಲಿಲ್ಲ. ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್, ಬರುವಾಗ ಡಿಕ್ಕಿ ತುಂಬ ತೊಗರಿಬೇಳೆ. ನನಗೂ ಪಾಸ್‌ಪೋರ್ಟ್ ರಿನ್ಯೂ ಮಾಡಿಸಬೇಕಿತ್ತು, ಏಪ್ರಿಲ್ ಕೊನೆಗೆ ಅಲ್ಲೇ ಒಂದು ಮೆಶೀನ್ ಹರಾಜೂ ಇತ್ತು. ಎಲ್ಲ ಒಟ್ಟಿಗೆ ಅಂದುಕೊಂಡೆ. ಹರಾಜು ಮೇ ತಿಂಗಳಿಗೆ ಮುಂದೆ ಹೋಯಿತು, ಅದರ ಜೊತೆ ನಮ್ಮ ಪ್ರಯಾಣವನ್ನೂ ಮುಂದೆ ಹಾಕಿದೆ.

ಧಾರವಾಡದ ನನ್ನ ಹೆಂಡತಿ ಸಿಡುಕಿದಳು: “ಆ ಹಿರ್ಯಾ ಎಷ್ಟು ಸಲ ಕೇಳಬೇಕ್ರೀ ನಿಮಗ? ಒಂದ್ ದಿನ ಹೋಗಿ ಬರ್ರಿ!”

“ಬರೀ ಇನ್ನೆರಡು ವಾರ ಕಣೇ. ಪೆಟ್ರೋಲ್ ಏನು ಪುಕ್ಕಟೆ ಬರುತ್ತಾ?”

ಹರಾಜಿಗೆ ನಾಲ್ಕು ದಿನವಿದ್ದಾಗ ವಾಲ್ಟರ್ ನಮ್ಮ ಡ್ರೈವ್‌ವೇಗೆ ಬಂದರು. “ಇನ್ನು ಶಿಕಾಗೋ ಬೇಡ, ಕಿಡ್. ಎಡ್ಡಿ ಹೋದ.”

ಫ್ಯೂನರಲ್‌ಗೆ ಈಗಲೇ ಹೊರಡೋಣ ಎಂದೆ. ಬೇಡವೆಂದು ತಲೆಯಾಡಿಸಿ ಗ್ಯಾರೇಜಿಗೆ ಕರೆದೊಯ್ದರು.

“ಯುದ್ಧದಲ್ಲಿ ಎಡ್ಡಿ ಕಾಲಿಗೆ ಗುಂಡು ಬಿತ್ತು ಅಂತ ಸುದ್ದಿ ಬಂತು. ತಂಡದವರೆಲ್ಲ ಟೋಪಿ ತೆಗೆದು ನಿಂತರು. ನಾನೂ ತೆಗೆದೆ. ಆದರೆ ಒಳಗೊಳಗೆ ಖುಷಿಯಾಗಿತ್ತು. ಇನ್ನು ಈ ಜಾಗ ನಂದೇ ಅಂತ. ಅವನು ಕಾಲು ವಾಸಿಯಾಗಿ ಬಂದು ನನಗೆ ಥ್ಯಾಂಕ್ಸ್ ಹೇಳಿದ! ಅದನ್ನ ಅವನಿಗೆ ಹೇಳಬೇಕಿತ್ತು, ಅಷ್ಟೇ.”

ತಡ ಮಾಡಿದ್ದಕ್ಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಅದರಲ್ಲಿ ನಾನು ಗಟ್ಟಿಗ. ಎರಡು ವರ್ಷದ ಮೇಲೆ ಅವರೂ ತೀರಿಕೊಂಡರು. ಮಗಳು ಬಂದು ಮನೆ ಮಾರಿದಳು.

ಆ ಮೇ ತಿಂಗಳ ಹರಾಜಿನಲ್ಲಿ ನನಗೆ ಏನೂ ಗಿಟ್ಟಲಿಲ್ಲ. ಗಿಟ್ಟಿದ್ದರೂ ಇದನ್ನೇ ಬರೆಯುತ್ತಿದ್ದೆ ಎಂದು ನಂಬಿಕೊಂಡಿದ್ದೇನೆ.

ಬುದ್ಧಿ ಹೇಳುವ ಚಟ ನನಗೆ ಹೋಗಿಲ್ಲ, ಕೇಳಿಸಿಕೊಳ್ಳಿ. ವಯಸ್ಸಾದವರು ಯಾರಾದರೂ ಎಲ್ಲಿಗಾದರೂ ಕರೆದುಕೊಂಡು ಹೋಗು ಎಂದರೆ ಅದೇ ವಾರ ಹೊರಡಿ. ಅದರ ಜೊತೆ ಇನ್ನೊಂದು ಕೆಲಸ ಕಟ್ಟಬೇಡಿ. ಇಲ್ಲಿಂದ ಬೆಳಿಗ್ಗೆ ಆರಕ್ಕೆ ಬಿಟ್ಟರೆ, ಶಿಕಾಗೋದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ, ಹತ್ತರ ಹೊತ್ತಿಗೆ ಅಲ್ಲಿರುತ್ತೀರಿ. ಸೊಂಟಕ್ಕೊಂದು ದಿಂಬು ಇಡಿ, ಗಂಟೆಗೊಮ್ಮೆ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ. ಏನು ಕೆಲಸ ಅಂತ ಕೇಳಬೇಡಿ. ಅವರು ಒಳಗೆ ಹೋದಾಗ ನೀವು ಕಾರಿನಲ್ಲೇ ಕೂತಿರಿ, ಎಷ್ಟು ಹೊತ್ತಾದರೂ. ವಾಪಸ್ ಬರುವಾಗ ರೇಡಿಯೋ ಹಾಕಬೇಡಿ.