ಕಪ್ಪು ಎಂದವನು ನಾನೇ

ಆ ದಿನ ಕಪ್ಪು ಎಂದವನು ನಾನೇ, ಸುಮತಿ. ನಿನ್ನ ಕಿವಿ ತಪ್ಪಿರಲಿಲ್ಲ, ನಿನ್ನ ಕನ್ನಡವೂ ತಪ್ಪಿರಲಿಲ್ಲ. ಕೆಂಪು ಎನ್ನಬೇಕಾದಲ್ಲಿ ನಾನು ಕಪ್ಪು ಎಂದೆ — ಆಮೇಲೆ ಸುಳ್ಳು ಹೇಳಿದೆ.

ನಮ್ಮ ಮದುವೆಯಾದ ಮೊದಲ ವರ್ಷ. ಹಿನ್ನೀರಿನಲ್ಲಿ ಕಟ್ಟಿ ನಿಲ್ಲಿಸಿದ್ದ ನಿನ್ನ ಅಪ್ಪನ ಹಳೆಯ ಮೋಟಾರು ದೋಣಿಯ ವೈರಿಂಗನ್ನು ಒಂದೇ ಭಾನುವಾರದಲ್ಲಿ ಸರಿಮಾಡುತ್ತೇನೆಂದು ಜಂಬ ಕೊಚ್ಚಿದ್ದೆ. ತಮಿಳು ಸೀಮೆಯ ಗಿಂಡಿ ಬಡಾವಣೆಯ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡುವ ಅಳಿಯ, ತುಮಕೂರಿನಿಂದ ಬಂದ ಜಾಣ! ದೀಪ ಹತ್ತಿದರೆ ಹಾರ್ನ್ ಕೂಗದು. ಹಾರ್ನ್ ಸರಿಮಾಡಿದರೆ ನೀರೆತ್ತುವ ಪಂಪು ನಿಂತಿತು. ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟಿ, ಮುಟ್ಟಿದರೆ ಪುಡಿ. ಹಿಂದೆ ಕೈಹಾಕಿದವರೆಲ್ಲ ತೇಪೆಯ ಮೇಲೆ ತೇಪೆ ಹಚ್ಚಿದ್ದರು. ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಹಾಕಿದವನಿಗೂ ಗೊತ್ತಿರಲಿಕ್ಕಿಲ್ಲ. ಒಂದು ಭಾನುವಾರ ಹೋಗಿ ಹಲವಾದವು. ದಡದಿಂದ ನಿನ್ನ ಅಪ್ಪ ಕೇಳುತ್ತಲೇ ಇದ್ದರು: "ಏನ್ರೀ ಅಳಿಯಂದ್ರೇ, ಇನ್ನೂ ಮುಡಿಯಲಿಲ್ವಾ?" ಮುಗಿಯಲಿಲ್ಲವೇ ಎನ್ನುವುದಕ್ಕೆ ಅವರ ತಮಿಳುಗನ್ನಡ ಅದು. ಮೈಯೆಲ್ಲ ಉರಿಯುತ್ತಿತ್ತು ನನಗೆ.

ಬ್ಯಾಟರಿಗೆ ಬರುವ ಎರಡು ತಂತಿಗಳೂ ಮಸಿ ಹಿಡಿದು ಒಂದೇ ಥರ ಕಾಣುತ್ತಿದ್ದವು. ಗುರುತಿಗೆಂದು ಒಂದಕ್ಕೆ ಕೆಂಪು ಟೇಪು, ಇನ್ನೊಂದಕ್ಕೆ ಕಪ್ಪು ಟೇಪು ಸುತ್ತಿ ನಿನ್ನ ಕೈಗೆ ಕೊಟ್ಟೆ. ನಾನು ಎಂಜಿನ್ನಿನ ಕೆಳಗೆ ತಲೆ ತೂರಿಸಿದ್ದೆ.

"ಕಪ್ಪು ಪ್ಲಸ್ಸಿಗೆ ಹಾಕು."

"ಕಪ್ಪಾ?" ಎಂದೆ ನೀನು.

"ಹೂಂ, ಅದೇ. ಎಷ್ಟು ಸಲ ಹೇಳ್ಬೇಕು ನಿಂಗೆ?"

ನೀನು ಹಾಕಿದೆ. ಹೊಗೆ ಬಂತು. ಇಷ್ಟು ಭಾನುವಾರ ನಾನು ಬಾಗಿ ಕುಳಿತು ಸೇರಿಸಿದ್ದ ತಂತಿಗಳೆಲ್ಲ ಸುಟ್ಟವು. ನಿನ್ನ ಅಪ್ಪ ಓಡಿಬಂದಾಗ ನನ್ನ ಬಾಯಿಂದ ಬಂದದ್ದು — ಅದನ್ನು ಬರೆಯಲೂ ನಾಚಿಕೆ — "ನಾನು ಕೆಂಪು ಅಂದೆ ಮಾವ. ಇವಳಿಗೆ ಕಪ್ಪು, ಕೆಂಪು ವ್ಯತ್ಯಾಸ ಗೊತ್ತಿಲ್ಲ. ಇವಳ ಕನ್ನಡ ಕಟ್ಟಿಕೊಂಡು ಕೆಲಸ ಮಾಡಿದ್ರೆ ಇಷ್ಟೇ."

ಕುಣಿಯಲಾರದವನು ನೆಲ ಡೊಂಕು ಎಂದನಂತೆ. ನಾನು ನಿನ್ನ ಕನ್ನಡವನ್ನೇ ಡೊಂಕು ಎಂದೆ. ನೀನು ವಾದಿಸಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ — ಇಲ್ಲ, ಇದೂ ಸುಳ್ಳೇ. ನೀನು ನನ್ನನ್ನು ನಂಬಿದೆ. "ತಪ್ಪು ನಂದೇ ಅಪ್ಪಾ. ನಂಗೆ ಕನ್ನಡ ಸರಿಯಾ ಪುರಿಯಲ್ಲ, ತಿಳಿಯಲ್ಲ" ಎಂದು ತಲೆ ತಗ್ಗಿಸಿದೆ.

ನಿನ್ನ ಅಪ್ಪನಿಗಾದರೂ ಕನ್ನಡ ಬರುತ್ತದೆ; ತಮಿಳು ಶಾಲೆಯಲ್ಲಿ ಓದಿದವಳು ನೀನು. ನನ್ನ ಅಮ್ಮನ ಜೊತೆ ಮಾತಾಡಬೇಕೆಂದೇ ಫೋನಿನಲ್ಲಿ ತಪ್ಪುತಪ್ಪಾಗಿ ಕನ್ನಡ ಆಡಿ, ನಗಿಸಿ, ನೀನೂ ನಗುತ್ತಿದ್ದೆ. ಆ ಭಾನುವಾರದ ನಂತರ ಅಮ್ಮನ ಫೋನು ಬಂದರೆ ನನ್ನ ಕೈಗೆ ಕೊಡತೊಡಗಿದೆ. ನಾನು ಕನ್ನಡದಲ್ಲಿ ಕೇಳಿದರೆ ಉತ್ತರ ತಮಿಳಿನಲ್ಲಿ. ನಿನ್ನ ದನಿ ಕೇಳಬೇಕೆಂದು ಅಮ್ಮ ಕೊನೆಯವರೆಗೂ ಕೇಳುತ್ತಿದ್ದಳು. ನಿನಗೆ ಸಂಕೋಚ ಎಂದು ಅವಳಿಗೂ ಹೇಳಿ ಮುಗಿಸಿದೆ. ಅವಳಿಗೆ ಇನ್ನು ನಿಜ ಹೇಳಲಾರೆ.

ಈಗಲೂ ಪಲ್ಲಾವರಂನ ಮನೆಯಲ್ಲಿ ಎಲ್ಲರೂ ಸೇರಿದಾಗ ನಿನ್ನ ಅಪ್ಪ ನಿನ್ನನ್ನು "ನಮ್ಮ ಕಪ್ಪು-ಕೆಂಪು" ಎಂದು ಛೇಡಿಸುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ, ಸುಮತಿ.

ಇಷ್ಟು ಬರೆದ ಮೇಲೆ ಹೊಳೆಯಿತು — ನಿನಗೆ ಕನ್ನಡ ಓದಲು ಬರುವುದಿಲ್ಲ. ನೀನು ಓದಲಾರದ ಅಕ್ಷರದಲ್ಲಿ ತಪ್ಪೊಪ್ಪಿಕೊಳ್ಳುವುದು ಎಂಥ ಸುಲಭದ ಕೆಲಸ. ಈ ಭಾನುವಾರ ನಿನ್ನ ಅಪ್ಪನ ಮುಂದೆ, ಎಲ್ಲರ ಮುಂದೆ, ನನ್ನ ಹರಕುಮುರುಕು ತಮಿಳಿನಲ್ಲಿ ಹೇಳುತ್ತೇನೆ. ಅವರು ನನ್ನ ತಮಿಳಿಗೆ ನಗಲಿ.